ಬುಲೆಟ್‌ಗೆ ಬಟನ್ ಟಯರ್ ಹಾಕಿಸುವ ಮುಂಚೆ

ಮುಂಗಾರಿನ ಎರಡನೇ ಮಳೆ ಬಿದ್ದ ಮೇಲೆ ನಮ್ಮ ಹಾವೇರಿ ಕಡೆ ಟಯರ್ ಅಂಗಡಿಗಳ ಮುಂದೆ ಬುಲೆಟ್ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಕಂಪನಿಯಿಂದ ಬಂದ ಟಯರ್ ಬಿಚ್ಚಿಸಿ, ಟ್ರ್ಯಾಕ್ಟರ್ ಗಾಲಿಯಂತೆ ಗಟ್ಟಿ ಗಟ್ಟಿ ಹಲ್ಲಿರುವ ಟಯರ್ ಹಾಕಿಸುತ್ತಾರೆ. ಅಂಗಡಿಯವರು ಇದಕ್ಕೆ ಬಟನ್ ಟಯರ್ ಅನ್ನುತ್ತಾರೆ. ‘ಇದನ್ನ ಹಾಕ್ಸಿದ್ರ ಎಂಥಾ ರಾಡ್ಯಾಗೂ ಗಾಡಿ ನಿಲ್ಲೂದಿಲ್ರಿ’ ಎಂಬುದು ಎಲ್ಲ ಅಂಗಡಿಯಲ್ಲೂ ಕೇಳುವ ಮಾತು. ನಾವೂ ಕೇಳಿದೆವು, ನಂಬಿದೆವು, ಹಾಕಿಸಿದೆವು. ಆಮೇಲೆ ಬಿದ್ದೆವು.

ಬಿದ್ದ ಕಥೆಯನ್ನು ಮೊದಲೇ ಹೇಳಿಬಿಡುತ್ತೇವೆ. ನಾವು ನಾಲ್ವರು ಸೇರಿ ಓಡಿಸುವುದು ಒಂದೇ ಗಾಡಿ. ನಮ್ಮಲ್ಲೊಬ್ಬನ ಅಣ್ಣ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಕ್ಲಾಸಿಕ್ 350 ಅದು. ಸುದ್ದಿಗೆಂದು ತಾಂಡಾ, ಹೊಲದ ವಸ್ತಿ, ಕೆರೆ ಅಂಗಳ ಎಲ್ಲಕ್ಕೂ ಅದೇ. ಹೋದ ಮಳೆಗಾಲದಲ್ಲಿ ಹಿಂದಿನ ಗಾಲಿಗೆ ಮಾತ್ರ ಬಟನ್ ಟಯರ್ ಹಾಕಿಸಿದೆವು. ಮುಂದಿನದಕ್ಕೂ ಹಾಕಿಸಲು ರೊಕ್ಕ ಸಾಲಲಿಲ್ಲ. ‘ಜಗ್ಗೂದು ಹಿಂದಿನ ಗಾಲಿ ಅಲ್ಲೇನ್ರಿ, ಮುಂದಿಂದು ಯಾಕ ಬೇಕು’ ಎಂದು ಅಂಗಡಿಯವರೂ ಧೈರ್ಯ ಕೊಟ್ಟರು.

ಮೊದಲ ವಾರ ಖುಷಿಯೋ ಖುಷಿ. ಗರಸಿನ ಏರಿನಲ್ಲಿ ಗಾಡಿ ಮೇಕೆಯಂತೆ ಹತ್ತಿತು. ಎರಡನೇ ವಾರ ನಮ್ಮ ಗೆಳೆಯನ ತಾಯಿಯನ್ನು ಹಿಂದೆ ಕೂರಿಸಿಕೊಂಡು ಸಂತೆಯಿಂದ ಬರುವಾಗ, ಊರ ಹತ್ತಿರದ ಹಳ್ಳದ ಸೇತುವೆ ಮೇಲೆ ಹನಿ ಮಳೆ. ನೆಲ ಡಾಂಬರು, ಕೆಸರಿನ ಸುಳಿವೂ ಇಲ್ಲ. ಎದುರಿಗೆ ಎಮ್ಮೆ ಬಂತೆಂದು ಹಿಂದಿನ ಬ್ರೇಕ್ ಒತ್ತಿದ. ಹಿಂದಿನ ಗಾಲಿ ಸಾಬೂನಿನ ಮೇಲೆ ಕಾಲಿಟ್ಟಂತೆ ಪಕ್ಕಕ್ಕೆ ಸರಿಯಿತು. ಅವನಿಗೆ ಮಂಡಿ ತರಚಿತು ಅಷ್ಟೇ. ಅವ್ವನಿಗೆ ಬಲಗೈ ಮಣಿಕಟ್ಟು ಮುರಿಯಿತು. ಗೋವಿನಜೋಳದ ಕಳೆ ತೆಗೆಯುವ ಕಾಲ. ಆರು ವಾರ ಪಟ್ಟಿ ಕಟ್ಟಿಕೊಂಡು ಕೂತರು. ಕಳೆಗೆ ಆಳು ಹಚ್ಚಿದ ಖರ್ಚು ಆ ಟಯರಿನ ಬೆಲೆಗಿಂತ ಹೆಚ್ಚಾಯಿತು.

ಅವ್ವ ನಮ್ಮನ್ನು ಬೈಯಲಿಲ್ಲ. ‘ಅಲ್ಲೋ ತಮ್ಮಾ, ರಾಡಿಗಂತ ಹಾಕಿಸಿದ ಟಯರು ಡಾಂಬರದ ಮ್ಯಾಲೆ ಯಾಕ ಬಿತ್ತು?’ ಎಂದು ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ. ಪತ್ರಿಕೋದ್ಯಮ ಓದಿದವರು, ನಾಕು ಮಂದಿಗೆ ಪ್ರಶ್ನೆ ಕೇಳುವವರು, ನಮ್ಮದೇ ಗಾಡಿಯ ಟಯರಿನ ಮೇಲೆ ಬರೆದಿದ್ದನ್ನೂ ಓದಿರಲಿಲ್ಲ. ಆಮೇಲೆ ಓದಿದೆವು, ಕೇಳಿದೆವು, ಮಿಸ್ತ್ರಿಗಳ ಜೊತೆ ಕೂತೆವು. ಈ ಬರಹ ಅದರದ್ದು.

ನಮ್ಮ ಅಭಿಪ್ರಾಯ ಇಷ್ಟು: ಬುಲೆಟ್‌ನಂಥ ಭಾರದ ಗಾಡಿಗೆ ಪೂರಾ ಬಟನ್ ಟಯರ್ ಹಾಕಿಸುವುದು ನಮ್ಮ ಹಳ್ಳಿಗಳ ಹತ್ತರಲ್ಲಿ ಒಂಬತ್ತು ಮಂದಿಗೆ ತಪ್ಪು. ಕಚ್ಚಾ ದಾರಿಯಲ್ಲಿ ದಿನಾ ಓಡಾಡಲೇಬೇಕಾದವರು ಎರಡಕ್ಕೂ ಆಗುವ ಟಯರನ್ನು, ಅದೇ ಅಳತೆಯಲ್ಲಿ, ಎರಡೂ ಗಾಲಿಗೆ ಹಾಕಿಸಲಿ. ಹೊಲದ ದಾರಿ ಎರೆಮಣ್ಣಿನದಾದರೆ ಯಾವ ಟಯರಿಗೂ ರೊಕ್ಕ ಹಾಕಬೇಡಿ.

ಯಾಕೆ ಎಂದು ಹೇಳುತ್ತೇವೆ.

ಡಾಂಬರು ರಸ್ತೆಯ ಟಯರಿನ ಮೈ ಹೆಚ್ಚುಕಡಿಮೆ ನುಣುಪು. ನೀರು ಹೋಗಲು ನಾಕಾರು ಗೀರು ಇರುತ್ತವೆ, ಉಳಿದದ್ದೆಲ್ಲ ರಬ್ಬರು. ಆ ರಬ್ಬರು ನೆಲಕ್ಕೆ ಅಂಗೈಯಷ್ಟು ಜಾಗದಲ್ಲಿ ಅಂಟಿಕೊಂಡು ಕೂರುತ್ತದೆ. ಬಟನ್ ಟಯರಿನಲ್ಲಿ ಹಲ್ಲುಗಳ ತುದಿ ಮಾತ್ರ ನೆಲ ಮುಟ್ಟುತ್ತದೆ, ನಡುವೆ ಖಾಲಿ. ಮೆತ್ತಗಿನ ಮಣ್ಣಿನಲ್ಲಿ ಆ ಹಲ್ಲುಗಳು ಒಳಗೆ ಇಳಿದು ಹಿಡಿಯುತ್ತವೆ, ನಾವು ಏರು ಹತ್ತುವಾಗ ಕಾಲ್ಬೆರಳು ಊರಿದಂತೆ. ಡಾಂಬರಿನಲ್ಲಿ ಇಳಿಯಲು ಜಾಗವೇ ಇಲ್ಲ. ಮೇಲೆ ಭಾರ ಬಿದ್ದಾಗ, ಬ್ರೇಕ್ ಹಿಡಿದಾಗ, ತಿರುವಿನಲ್ಲಿ ವಾಲಿದಾಗ ಒಂದೊಂದು ಹಲ್ಲೂ ಬಾಗುತ್ತದೆ. ಗಾಡಿ ತೇಲಿದಂತೆ ಅನ್ನಿಸುವುದು ಅದಕ್ಕೇ. ಒದ್ದೆ ಡಾಂಬರಿನಲ್ಲಿ ಹಿಡಿತ ಇನ್ನೂ ಕಡಿಮೆ. ಹಗುರ ಗಾಡಿಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕ್ಲಾಸಿಕ್ 350ರ ಈಗಿನ ಮಾದರಿಯ ತೂಕ 195 ಕಿಲೋ. ಅದರ ಮೇಲೆ ನಾವಿಬ್ಬರು, ಒಂದು ಚೀಲ ಗೊಬ್ಬರ. ಅಷ್ಟೂ ಭಾರ ಆ ಹಲ್ಲುಗಳ ತುದಿಯ ಮೇಲೆ.

ಈಗ ನಿಮ್ಮ ದಿನದ ಓಡಾಟವನ್ನು ಲೆಕ್ಕ ಹಾಕಿ ನೋಡಿ. ಮನೆಯಿಂದ ಹೊಲಕ್ಕೆ ಒಂದೂವರೆ ಕಿಲೋಮೀಟರ್ ಕಚ್ಚಾ. ಡೇರಿಗೆ, ತಾಲ್ಲೂಕಿಗೆ, ಬ್ಯಾಡಗಿ ಪೇಟೆಗೆ ಹೋಗಿ ಬರಲು ನಲವತ್ತು ಕಿಲೋಮೀಟರ್ ಡಾಂಬರು. ಒಂದೂವರೆ ಕಿಲೋಮೀಟರಿನ ಸುಖಕ್ಕೆ ನಲವತ್ತು ಕಿಲೋಮೀಟರಿನ ಅಪಾಯ ಕೊಂಡಂತಾಗುತ್ತದೆ. ಸವೆತ ಬೇರೆ. ಡಾಂಬರಿನಲ್ಲಿ ಓಡಿದ ಬಟನ್ ಟಯರಿನ ನಡುವಿನ ಹಲ್ಲು ಬೇಗ ತೇದು, ಪಕ್ಕದ ಹಲ್ಲು ಹಾಗೇ ಉಳಿಯುತ್ತದೆ. ಆಮೇಲೆ ಅದು ಮಣ್ಣಿಗೂ ಆಗುವುದಿಲ್ಲ, ರಸ್ತೆಗೂ ಆಗುವುದಿಲ್ಲ.

ಮಣ್ಣಿನ ವಿಷಯಕ್ಕೆ ಬರೋಣ. ಟಯರ್ ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಇದೇ: ನಿಮ್ಮ ದಾರಿಯ ಮಣ್ಣು ಯಾವುದು?

ನಮ್ಮ ಜಿಲ್ಲೆಯಲ್ಲೇ ಹಾನಗಲ್ ಕಡೆ ಹೋದರೆ ಮಲೆನಾಡಿನ ಸೆರಗು, ಕೆಂಪು ಮಸಾರಿ, ಗರಸು. ಮಳೆ ಬಂದರೂ ಕೆಳಗೆ ಗಟ್ಟಿ ನೆಲ ಇರುತ್ತದೆ, ಮೇಲೆ ಎರಡು ಬೆರಳು ಕೆಸರು. ಅಲ್ಲಿ ಹಲ್ಲಿರುವ ಟಯರ್ ನಿಜಕ್ಕೂ ಕೆಲಸ ಮಾಡುತ್ತದೆ. ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ, ತಿರುಗುವಾಗ ಮಣ್ಣನ್ನು ಎಸೆಯುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ತೋಟದ ದಾರಿಯವರು ಇದನ್ನು ಹೊಗಳಿದರೆ ಅವರು ಹೇಳುವುದು ಸುಳ್ಳಲ್ಲ. ಅವರ ಮಣ್ಣಿಗೆ ಅದು ಸರಿ.

ಸವಣೂರು ಕಡೆಯ ಎರೆ ಬೇರೆಯದೇ ಕಥೆ. ಗದಗ, ವಿಜಯಪುರದ ಓದುಗರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಬಟನ್ ಟಯರಿನ ಹಲ್ಲುಗಳ ನಡುವಿನ ಖಾಲಿಯಲ್ಲಿ ಅದು ಹೋಗಿ ಕೂತರೆ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹಲ್ಲು ಕಾಣುವುದಿಲ್ಲ. ಟಯರ್ ಒಂದು ಕರಿ ಉಂಡೆ. ಇನ್ನು ಇಪ್ಪತ್ತು ಮಾರಿಗೆ ಆ ಉಂಡೆ ಬೆಳೆದು ಮಡ್‌ಗಾರ್ಡ್‌ಗೆ ತಗಲುತ್ತದೆ, ಗಾಲಿ ತಿರುಗುವುದೇ ನಿಲ್ಲುತ್ತದೆ. ಕ್ಲಾಸಿಕ್‌ನ ಮುಂದಿನ ಮಡ್‌ಗಾರ್ಡ್ ಟಯರಿಗೆ ಹತ್ತಿರವಾಗಿ ಬಗ್ಗಿ ಕೂತಿರುತ್ತದೆ, ಚಂದಕ್ಕೆ. ಮಣ್ಣು ಸಿಕ್ಕಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಬೇಡ. ನಾವು ಒಮ್ಮೆ ಹೀಗೆ ಸಿಕ್ಕಿಕೊಂಡು, ಜಾಲಿಕಟ್ಟಿಗೆಯಿಂದ ಮಣ್ಣು ಕೆರೆದು, ಹತ್ತು ಮಾರು ತಳ್ಳಿ, ಮತ್ತೆ ಕೆರೆದು, ಅರ್ಧ ಕಿಲೋಮೀಟರಿಗೆ ಒಂದೂವರೆ ತಾಸು ತೆಗೆದುಕೊಂಡೆವು. ಹಲ್ಲು ದೊಡ್ಡದಿದ್ದಷ್ಟೂ ಎರೆ ಹೆಚ್ಚು ಹಿಡಿಯುತ್ತದೆ. ಆ ದಿನ ನಮ್ಮನ್ನು ದಾಟಿ ಹೋದವರು ಸೈಕಲ್ ಹೆಗಲ ಮೇಲೆ ಹೊತ್ತಿದ್ದ ಒಬ್ಬ ಹುಡುಗ.

ಅವನ ಅಜ್ಜ ಎರಡು ದಿನ ಬಿಟ್ಟು ಸಿಕ್ಕಾಗ ಒಂದು ಮಾತು ಹೇಳಿದರು. ಅವರು ಯೆಜ್ಡಿ ಓಡಿಸಿದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಯವರೆಗೂ, ಆಮೇಲೂ, ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಮಾಮೂಲಿ ಟಯರಿನ ಯೆಜ್ಡಿಯಲ್ಲೇ ಬಂಡಿ ದಾರಿ ತುಳಿದರು. ‘ಮಳಿಗಾಲದಾಗ ಏನ್ ಮಾಡ್ತಿದ್ರಿ ಅಜ್ಜಾ?’ ಎಂದರೆ, ‘ಏನ್ ಮಾಡೂದು, ಗಾಡಿ ಊರಾಗ ನಿಲ್ಲಿಸಿ ನಡಕೋತ ಹೋಗ್ತಿದ್ವಿ’ ಎಂದರು. ನಮಗೆ ನಗು ಬಂತು. ಈಗ ಅಷ್ಟು ಬರುವುದಿಲ್ಲ.

ಇಷ್ಟೆಲ್ಲ ಕೇಳಿಯೂ ‘ನಮ್ಮ ದಾರಿ ಗರಸಿಂದು, ನಮಗ ಬೇಕ ಬೇಕು’ ಅನ್ನುವವರು ಇದ್ದೀರಿ. ನಿಮ್ಮ ಮಾತು ನ್ಯಾಯವೇ. ಬೆಳಿಗ್ಗೆ ಐದಕ್ಕೆ ಡೇರಿಗೆ ಹಾಲು ಮುಟ್ಟಿಸುವವರಿಗೆ, ವಸ್ತಿಯಿಂದ ಮಕ್ಕಳನ್ನು ಶಾಲೆಗೆ ತರುವವರಿಗೆ, ಮನೆ ಮನೆ ತಿರುಗುವ ಆಶಾ ಅಕ್ಕಂದಿರಿಗೆ ಹಿಡಿತ ಇರುವ ಟಯರ್ ಶೋಕಿಯಲ್ಲ. ಅವರಿಗೆ ನಾವು ಹೇಳುವುದು ಎರಡಕ್ಕೂ ಆಗುವ ಟಯರ್, ಅಂಗಡಿಯಲ್ಲಿ ಡ್ಯುಯಲ್ ಪರ್ಪಸ್ ಎಂದು ಕೇಳಿ. ಹಲ್ಲು ಇರುತ್ತವೆ, ಆದರೆ ಅಗಲವಾಗಿ, ಒತ್ತಾಗಿ. ನಡುವಿನ ಸಾಲಿನಲ್ಲಿ ಖಾಲಿ ಕಡಿಮೆ. ಹಿಮಾಲಯನ್, ಎಕ್ಸ್‌ಪಲ್ಸ್ ಗಾಡಿಗಳಿಗೆ ಕಾರ್ಖಾನೆಯಿಂದಲೇ ಬರುವುದು ಈ ಬಗೆಯದು. ಕೆಸರಿನಲ್ಲಿ ಬಟನ್ ಟಯರಿನಷ್ಟು ಹಿಡಿಯುವುದಿಲ್ಲ, ಡಾಂಬರಿನಲ್ಲಿ ರಸ್ತೆ ಟಯರಿನಷ್ಟು ಹಿಡಿಯುವುದಿಲ್ಲ. ಎರಡರಲ್ಲೂ ಬೀಳಿಸುವುದು ಕಡಿಮೆ.

ಕೊಳ್ಳುವಾಗ ಟಯರಿನ ಪಕ್ಕದಲ್ಲಿ ಬರೆದದ್ದನ್ನು ಓದಿ. ನಮ್ಮ ಹಿಂದಿನ ಟಯರಿನ ಮೇಲೆ 120/80-18 ಎಂದಿದೆ. ಅಗಲ 120 ಮಿಲಿಮೀಟರ್, ಎತ್ತರ ಆ ಅಗಲದ ನೂರಕ್ಕೆ 80 ಪಾಲು ಅಂದರೆ 96 ಮಿಲಿಮೀಟರ್, ರಿಮ್ 18 ಇಂಚು. ‘120/90 ಹಾಕ್ರಿ, ದಪ್ಪ ಕಾಣ್ತದ’ ಎಂದು ಯಾರಾದರೂ ಹೇಳಿದರೆ ಎತ್ತರ 108 ಆಯಿತು. ಮಡ್‌ಗಾರ್ಡ್‌ಗೂ ಟಯರಿಗೂ ನಡುವಿನ ಸಂದು 12 ಮಿಲಿಮೀಟರ್ ಹೋಯಿತು, ಹಲ್ಲಿನ ಉದ್ದ ಬೇರೆ. ಗುಂಡಿಯಲ್ಲಿ ಗಾಡಿ ಕೂತು ಎದ್ದಾಗ ಹಲ್ಲು ಹೋಗಿ ಮಡ್‌ಗಾರ್ಡಿಗೋ ಚೈನ್ ಕವರಿಗೋ ತಗಲುತ್ತದೆ. ಗಾಲಿ ದೊಡ್ಡದಾದರೆ ಏರಿನಲ್ಲಿ ಎಳೆತವೂ ಕಡಿಮೆಯಾಗುತ್ತದೆ. ನೀವು ಟಯರ್ ಹಾಕಿಸಿದ್ದೇ ಏರು ಹತ್ತಲಿ ಎಂದು!

ಅಳತೆಯ ಪಕ್ಕದಲ್ಲಿ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. 62 ಪಿ ಎಂದಿದ್ದರೆ ಆ ಟಯರ್ 265 ಕಿಲೋ ಹೊರುತ್ತದೆ, ಗಂಟೆಗೆ 150 ಕಿಲೋಮೀಟರ್ ತನಕ ತಾಳುತ್ತದೆ ಎಂದರ್ಥ. 56 ಎಂದಿದ್ದರೆ 224 ಕಿಲೋ. ಎರಡರ ನಡುವಿನ ವ್ಯತ್ಯಾಸ 41 ಕಿಲೋ. ನಲವತ್ತು ಲೀಟರಿನ ಕ್ಯಾನ್ ತುಂಬ ಹಾಲು ತೂಗಿದರೆ ಅಷ್ಟೇ ಬರುತ್ತದೆ. ಅಂದರೆ ಕಡಿಮೆ ಅಂಕಿಯ ಟಯರ್ ಹಾಕಿಸಿಕೊಂಡವರು ಒಂದು ಕ್ಯಾನು ಹಾಲಿನ ಬಲವನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ. ಹಗುರ ಗಾಡಿಗೆಂದು ಮಾಡಿದ ಬಟನ್ ಟಯರ್ ಅಗ್ಗಕ್ಕೆ ಸಿಗುತ್ತವೆ. ಅಳತೆ ಕೂತಿತೆಂದು ಬುಲೆಟ್‌ಗೆ ಏರಿಸುತ್ತಾರೆ. ಅಂಕಿ ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮೆ ಇದ್ದರೆ ಅಲ್ಲಿಂದ ಎದ್ದು ಬನ್ನಿ. ತಯಾರಾದ ದಿನವನ್ನೂ ನೋಡಿ. ನಾಕು ಅಂಕಿ ಇರುತ್ತವೆ. 2324 ಎಂದರೆ 2024ನೇ ಇಸವಿಯ 23ನೇ ವಾರ. ಬಟನ್ ಟಯರ್ ದಿನಾ ಖರ್ಚಾಗುವ ಮಾಲಲ್ಲ, ಹಳೇ ದಾಸ್ತಾನು ಮೂಲೆಯಲ್ಲಿ ಕೂತಿರುತ್ತದೆ.

ಒಂದೇ ಗಾಲಿಗೆ ಹಾಕಿಸಬೇಡಿ ಎಂದೆವು. ಹಿಂದಿನ ಗಾಲಿ ತಳ್ಳುತ್ತದೆ, ನಿಜ. ದಾರಿ ಹಿಡಿಯುವುದು, ಹೆಚ್ಚಿನ ಬ್ರೇಕು ತಡೆಯುವುದು ಮುಂದಿನ ಗಾಲಿ. ಹಿಂದೆ ಹಲ್ಲು, ಮುಂದೆ ನುಣುಪು ಇದ್ದರೆ ಕೆಸರಿನ ತಿರುವಿನಲ್ಲಿ ಹಿಂದಿನದು ತಳ್ಳುತ್ತಲೇ ಇರುತ್ತದೆ, ಮುಂದಿನದು ತಿರುಗದೆ ನೇರ ಜಾರುತ್ತದೆ. ಸೇತುವೆಗಿಂತ ಮೊದಲೇ ಒಂದು ಸಲ ತಾಂಡಾ ದಾರಿಯಲ್ಲಿ ಹಾಗೆ ಮೆತ್ತಗೆ ಬಿದ್ದಿದ್ದೆವು. ಅದನ್ನು ಯಾರಿಗೂ ಹೇಳಿರಲಿಲ್ಲ.

ಗಾಳಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ತಪ್ಪು ತಿಳಿವಳಿಕೆ ಇಲ್ಲೇ ಜಾಸ್ತಿ. ಕೆಸರಿನಲ್ಲಿ, ಉಸುಕಿನಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬುದು ನಿಜ. ಟಯರ್ ಚಪ್ಪಟೆಯಾಗಿ ಹೆಚ್ಚು ನೆಲ ಮುಟ್ಟುತ್ತದೆ. ರೀಲ್ಸ್‌ನಲ್ಲಿ ನೋಡಿ ನಮ್ಮ ಹುಡುಗರೂ ಪುಸ್ ಎಂದು ಗಾಳಿ ಬಿಡುತ್ತಾರೆ. ಆದರೆ ಕಡ್ಡಿ ಗಾಲಿಯ ಬುಲೆಟ್‌ನಲ್ಲಿ ಒಳಗೆ ಟ್ಯೂಬ್ ಇದೆ, ಮೇಲೆ ಇನ್ನೂರು ಕಿಲೋ ಗಾಡಿ ಇದೆ. ಗಾಳಿ ಬಹಳ ಇಳಿದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಎರಡು ತೂತು ಒಟ್ಟಿಗೆ ಬೀಳುತ್ತವೆ, ಹಾವು ಕಚ್ಚಿದ ಗುರುತಿನಂತೆ. ಇನ್ನೊಂದು ಕೆಟ್ಟದ್ದು: ರಿಮ್ ತಿರುಗುತ್ತದೆ, ಟಯರ್ ಟ್ಯೂಬನ್ನು ಹಿಡಿದುಕೊಂಡು ಹಿಂದೆ ಉಳಿಯುತ್ತದೆ, ಗಾಳಿ ಹಾಕುವ ವಾಲ್ವ್ ಬುಡದಲ್ಲೇ ಹರಿಯುತ್ತದೆ. ಅದಕ್ಕೆ ಪಂಕ್ಚರ್ ಅಂಟಿಸಲು ಬರುವುದಿಲ್ಲ, ಟ್ಯೂಬನ್ನೇ ಬದಲಿಸಬೇಕು. ರೇಸ್ ಗಾಡಿಗಳಲ್ಲಿ ಹೀಗಾಗದಂತೆ ಟಯರನ್ನು ರಿಮ್ಮಿಗೆ ಬಿಗಿ ಹಿಡಿಯುವ ಒಂದು ಲಾಕ್ ಇರುತ್ತದೆ. ನಮ್ಮ ಗಾಡಿಗಳಲ್ಲಿ ಇರುವುದಿಲ್ಲ. ದಿನಾ ಬೆಳಿಗ್ಗೆ ವಾಲ್ವ್ ನೋಡಿ. ನೆಟ್ಟಗೆ ನಿಂತಿದ್ದರೆ ಸರಿ, ಓರೆಯಾಗಿದ್ದರೆ ಟಯರ್ ಜಾರಿದೆ ಎಂದೇ ಲೆಕ್ಕ. ನಾವಂತೂ ಕಂಪನಿ ಹೇಳಿದ ಗಾಳಿಗಿಂತ ನಾಕೈದು ಅಂಕಿ ಮಾತ್ರ ಇಳಿಸುತ್ತೇವೆ, ಅದೂ ಒಬ್ಬರೇ ಇದ್ದಾಗ. ಡಾಂಬರು ಮುಟ್ಟಿದ ಕೂಡಲೇ ಕೈಪಂಪಿನಿಂದ ತುಂಬುತ್ತೇವೆ. ಪಂಪು ಒಯ್ಯಲು ಬೇಜಾರಾದರೆ ಗಾಳಿ ಇಳಿಸಲೇ ಬೇಡಿ.

ಹೊಸ ಟಯರ್ ಹಾಕಿದ ಮೊದಲ ನೂರಿನ್ನೂರು ಕಿಲೋಮೀಟರ್ ನಿಧಾನ ಇರಲಿ, ಮೈ ಮೇಲಿನ ನುಣುಪು ಹೋಗಬೇಕು. ಎಬಿಎಸ್ ಇರುವವರು ಸಡಿಲ ಗರಸಿನಲ್ಲಿ ಬ್ರೇಕಿಗೆ ಹೆಚ್ಚು ಜಾಗ ಬೇಕೆಂಬುದನ್ನು ನೆನಪಿಡಿ, ಹಲ್ಲಿನ ಟಯರ್ ಇದ್ದರೂ.

ಇನ್ನೊಂದು ಮಾತು ಬುಲೆಟ್ ಅಭಿಮಾನಿಗಳಿಗೆ ಸಿಟ್ಟು ತರಿಸಬಹುದು. ಟಯರ್ ಬದಲಿಸಿದರೆ ಗಾಡಿ ಬದಲಾಗುವುದಿಲ್ಲ. ಕ್ಲಾಸಿಕ್ 350ರ ಹೊಟ್ಟೆ ನೆಲದಿಂದ 170 ಮಿಲಿಮೀಟರ್ ಮೇಲಿದೆ. ಅದೇ ಕಂಪನಿಯ 411 ಸಿಸಿ ಹಿಮಾಲಯನ್‌ನದು 220. ಹಿಮಾಲಯನ್ನೂ ತೂಕದಲ್ಲಿ ಕಡಿಮೆಯೇನಲ್ಲ, ಆದರೆ ಮುಂದಿನ ಗಾಲಿ 21 ಇಂಚು, ಶಾಕ್ ಉದ್ದ. ಎಕ್ಸ್‌ಪಲ್ಸ್ 200 ಕ್ಲಾಸಿಕ್‌ಗಿಂತ ಮೂವತ್ತು ನಲವತ್ತು ಕಿಲೋ ಹಗುರ. ದಿನಾ ಕಚ್ಚಾ ದಾರಿಯಲ್ಲೇ ಬದುಕು ಇರುವವರು ಗಾಡಿ ಕೊಳ್ಳುವಾಗಲೇ ಇದನ್ನು ಯೋಚಿಸಬೇಕು. ನಮ್ಮೂರಿನ ಹಾಲಿನವರು ಇವತ್ತಿಗೂ ನೂರು ಸಿಸಿಯ ಹಳೇ ಗಾಡಿ ಬಿಟ್ಟಿಲ್ಲ. ಕೆಸರಿನಲ್ಲಿ ಸಿಕ್ಕರೆ ಒಬ್ಬರೇ ಎತ್ತಿ ಈಚೆ ಇಡುತ್ತಾರೆ. ಬುಲೆಟ್ ಎತ್ತಲು ನಾಕು ಮಂದಿ ಬೇಕು, ಎರೆಹೊಲದಲ್ಲಿ ಸಂಜೆ ಆರಕ್ಕೆ ನಾಕು ಮಂದಿ ಎಲ್ಲಿಂದ ತರುತ್ತೀರಿ?

ಕೊನೆಗೆ ರಸ್ತೆ. ಟಯರ್ ಹಾಕಿಸಿದ್ದನ್ನು ನೋಡಿ ನಮ್ಮೂರ ಪಂಕ್ಚರ್ ಅಂಗಡಿಯ ಚಾಚಾ, ‘ಎಲ್ಲಾರೂ ಟಯರ್ ಹಾಕ್ಸಾಕತ್ತೀರಿ, ರೋಡ್ ಯಾರು ಹಾಕ್ಸವ್ರು?’ ಎಂದಿದ್ದರು. ನಮಗೆ ಆ ಮಾತು ಚುಚ್ಚಿತು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಶುರುವಾಯಿತು. ಬಯಲುಸೀಮೆಯಲ್ಲಿ 500 ಜನರಿರುವ ವಸತಿಗೆ ಎಂಬ ಲೆಕ್ಕ ಇಟ್ಟುಕೊಂಡಿತು. ನಮ್ಮ ತಾಂಡಾದಲ್ಲಿ, ಹೊಲದ ವಸ್ತಿಗಳಲ್ಲಿ ಅಷ್ಟು ತಲೆ ಇಲ್ಲ. ಕೊನೆಯ ಒಂದೂವರೆ ಕಿಲೋಮೀಟರ್ ಉಳಿದದ್ದು ಹಾಗೆ. ಆಗಿರುವ ರಸ್ತೆಗಳ ಕಥೆ ಬೇರೆ: ಈ ಯೋಜನೆಯ ರಸ್ತೆಯನ್ನು ಐದು ವರ್ಷ ಕೆಡದಂತೆ ನೋಡಿಕೊಳ್ಳುವುದು ಗುತ್ತಿಗೆದಾರರ ಜವಾಬ್ದಾರಿ. ರಸ್ತೆಯ ಮಗ್ಗುಲಲ್ಲಿ ಬೋರ್ಡ್ ಇರುತ್ತದೆ, ಮುಗಿದ ದಿನ ಬರೆದಿರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಮೂವತ್ತು ದಿನ. ನಾವು ಎರಡು ಬಟನ್ ಟಯರಿಗೆ ಏಳು ಸಾವಿರ ಕೂಡಿಸುತ್ತಿದ್ದಾಗ ಈ ಹತ್ತು ರೂಪಾಯಿ ನಮಗೆ ಹೊಳೆದಿರಲಿಲ್ಲ. ಈಗ ಅರ್ಜಿ ಹಾಕಿದ್ದೇವೆ, ಉತ್ತರದ ದಾರಿ ಕಾಯುತ್ತಿದ್ದೇವೆ.

ಹೊಲದ ಬಂಡಿ ದಾರಿಯನ್ನು ಗರಸು ಹಾಕಿ ಎತ್ತರಿಸುವ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ನಮ್ಮ ಪಕ್ಕದ ಪಂಚಾಯಿತಿಯವರು ಮಾಡಿಸಿದ್ದಾರೆ. ಅಲ್ಲಿ ಮಾಮೂಲಿ ಟಯರಿನ ಗಾಡಿಗಳೇ ಮಳೆಯಲ್ಲಿ ಓಡಾಡುತ್ತಿವೆ. ಗ್ರಾಮಸಭೆಯಲ್ಲಿ ಕೇಳಿದರೆ ‘ನಿಮ್ಮಂಥ ಬುಲೆಟ್ ಮಂದಿಗೆ ಯಾಕ ರೋಡು’ ಎಂದು ಒಬ್ಬರು ನಕ್ಕರು. ಆ ಮಾತಿಗೆ ಉತ್ತರ ಕೊಟ್ಟವರು ಅವ್ವ, ಪಟ್ಟಿ ಕಟ್ಟಿದ ಕೈ ಎತ್ತಿ.

ನಮ್ಮ ಗಾಡಿಗೆ ಈಗ ಎರಡೂ ಕಡೆ ಡ್ಯುಯಲ್ ಪರ್ಪಸ್ ಟಯರ್ ಇವೆ. ಎರೆ ಶುರುವಾಗುವ ಬೇವಿನಮರದ ಹತ್ತಿರ ಗಾಡಿ ನಿಲ್ಲಿಸಿ ನಡೆದು ಹೋಗುತ್ತೇವೆ. ಹಳೇ ಬಟನ್ ಟಯರ್ ಹಿತ್ತಲಿನಲ್ಲಿದೆ, ಹಲ್ಲು ಮುಕ್ಕಾಲು ಪಾಲು ಹಾಗೇ ಇವೆ. ಹೋದ ವಾರ ಕಾಲೇಜು ಹುಡುಗನೊಬ್ಬ ಕೊಳ್ಳಲು ಬಂದಿದ್ದ. ಯಾವ ದಾರಿಗೆ ತಮ್ಮಾ ಎಂದು ಕೇಳಿದೆವು. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಎಂದ. ಕೊಡಲಿಲ್ಲ.